ಮ್ಯಾಸಚೂಸೆಟ್ಸ್ ಬೇ ವಸಾಹತು ಮತ್ತು ಪ್ಯೂರಿಟನ್ ಧರ್ಮಜೀವನ

ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ, ಇಂದಿನ ಬಾಸ್ಟನ್ ನಗರದ ಸುತ್ತಮುತ್ತ, 1630ರಲ್ಲಿ ದೊಡ್ಡ ಸಂಖ್ಯೆಯಲ್ಲಿ ಬಂದಿಳಿದ ಇಂಗ್ಲಿಷ್ ಪ್ಯೂರಿಟನ್ನರು ಕಟ್ಟಿದ ವಸಾಹತು. ಧರ್ಮಸಭೆಯ ಸದಸ್ಯನಾದವನಿಗೆ ಮಾತ್ರ ರಾಜ್ಯಾಡಳಿತದಲ್ಲಿ ಮತ ಎಂಬ ನಿಯಮವನ್ನು ಇಲ್ಲಿ 1631ರಲ್ಲೇ ಮಾಡಲಾಯಿತು. ವಸಾಹತಿನ ಮುಂದಿನ ಅರವತ್ತು ವರ್ಷಗಳ ಇತಿಹಾಸವನ್ನು ಈ ನಿಯಮದ ಏಳುಬೀಳೆಂದು ಓದಿದರೆ ತಪ್ಪಾಗಲಾರದು.

ಎಂಟನೆಯ ಹೆನ್ರಿ 1534ರಲ್ಲಿ ಪೋಪರ ಅಧಿಕಾರವನ್ನು ತಳ್ಳಿಹಾಕಿ ತಾನೇ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥನಾದನಾದರೂ ಆ ಚರ್ಚಿನಲ್ಲಿ ಹಳೆಯ ಕ್ಯಾಥೊಲಿಕ್ ಆಚರಣೆಗಳು ಎಷ್ಟೋ ಉಳಿದುಕೊಂಡವು. ಪಾದ್ರಿಯ ಬಿಳಿ ನಿಲುವಂಗಿ, ದೀಕ್ಷಾಸ್ನಾನದ ಹೊತ್ತಿಗೆ ಮಗುವಿನ ಹಣೆಗೆ ಇಡುವ ಶಿಲುಬೆಯ ಗುರುತು, ಮದುವೆಯ ಉಂಗುರ, ಮೊಣಕಾಲೂರಿ ಪ್ರಭುಭೋಜನದ ರೊಟ್ಟಿ ಸ್ವೀಕರಿಸುವ ಪದ್ಧತಿ ಇವಕ್ಕೆಲ್ಲ ಬೈಬಲಿನ ಆಧಾರವಿಲ್ಲ, ಇವನ್ನು ತೊಳೆದು ಚರ್ಚನ್ನು ಶುದ್ಧಗೊಳಿಸಬೇಕು ಎಂದು ಹಟ ಹಿಡಿದವರಿಗೆ ಎದುರಾಳಿಗಳು ಹೀಯಾಳಿಸಿ ಇಟ್ಟ ಹೆಸರೇ ಪ್ಯೂರಿಟನ್. ಇವರಲ್ಲಿ ಚರ್ಚನ್ನು ಒಳಗಿದ್ದೇ ತಿದ್ದಬಯಸಿದವರು ಹೆಚ್ಚು. ಅದನ್ನು ತಿದ್ದುವುದೇ ಅಸಾಧ್ಯವೆಂದು ಹೊರನಡೆದವರು ಪ್ರತ್ಯೇಕತಾವಾದಿಗಳು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದು ಪ್ಲಿಮತ್‌ನಲ್ಲಿ ನೆಲೆಸಿದ, ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಅರ್ಧದಷ್ಟು ಮಂದಿಯನ್ನು ಕಳೆದುಕೊಂಡ ಗುಂಪಿನ ಮುಂದಾಳುಗಳು ಈ ಎರಡನೆಯ ಪಂಗಡದವರು. ಮ್ಯಾಸಚೂಸೆಟ್ಸ್ ಬೇ ವಸಾಹತಿನವರು ಮೊದಲನೆಯ ಪಂಗಡದವರು.

ಒಂದನೆಯ ಚಾರ್ಲ್ಸ್ 1629ರ ಮಾರ್ಚ್‌ನಲ್ಲಿ ಮ್ಯಾಸಚೂಸೆಟ್ಸ್ ಬೇ ಕಂಪನಿಗೆ ಕೊಟ್ಟ ಸನ್ನದು ರೂಪದಲ್ಲಿ ವ್ಯಾಪಾರದ ಸನ್ನದೇ ಆಗಿತ್ತು. ಆದರೆ ಕಂಪನಿಯ ಸಭೆ ಎಲ್ಲಿ ಸೇರಬೇಕೆಂದು ಅದರಲ್ಲಿ ಹೇಳಿರಲಿಲ್ಲ. ಈ ಸಂದನ್ನು ಬಳಸಿಕೊಂಡ ಪಾಲುದಾರರು ಸನ್ನದನ್ನೇ ಹಡಗಿಗೆ ಹಾಕಿಕೊಂಡು ಸಾಗರ ದಾಟಿದ್ದರಿಂದ ಲಂಡನ್ನಿನ ಒಂದು ಕಂಪನಿಯ ಆಡಳಿತ ಮಂಡಲಿ ಅಮೆರಿಕದಲ್ಲಿ ಒಂದು ಸರ್ಕಾರವಾಯಿತು. ವಕೀಲನೂ ಜಮೀನುದಾರನೂ ಆಗಿದ್ದ ಜಾನ್ ವಿಂತ್ರಾಪ್ ಅದರ ಗವರ್ನರ್. ಚಾರ್ಲ್ಸನ ಕಾಲದಲ್ಲಿ, ಮುಖ್ಯವಾಗಿ ವಿಲಿಯಂ ಲಾಡ್ 1633ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ಮೇಲೆ, ಪ್ಯೂರಿಟನ್ ಬೋಧಕರ ಮೇಲೆ ಕಿರುಕುಳ ಹೆಚ್ಚಿತು. 1640ರ ಹೊತ್ತಿಗೆ ಸುಮಾರು 20,000 ಜನ ನ್ಯೂ ಇಂಗ್ಲೆಂಡ್ ಎಂದು ಹೆಸರಾದ ಈ ಪ್ರದೇಶವನ್ನು ಸೇರಿದ್ದರು. ಇವರಲ್ಲಿ ಬಹಳಷ್ಟು ಜನ ಹೆಂಡತಿ ಮಕ್ಕಳೊಡನೆ ಸಂಸಾರ ಸಮೇತ ಬಂದವರು.

ಇಂಗ್ಲೆಂಡಿನಲ್ಲಿ ಒಂದು ಊರಲ್ಲಿ ಹುಟ್ಟಿದವರೆಲ್ಲ ಆ ಊರ ಚರ್ಚಿನವರೇ. ಇಲ್ಲಿ ಹಾಗಲ್ಲ. ದೇವರೊಡನೆಯೂ ಪರಸ್ಪರವೂ ಒಡಂಬಡಿಕೆ ಮಾಡಿಕೊಂಡ ಜನರ ಗುಂಪೇ ಸಭೆ. ಬಿಷಪ್ಪರಿಲ್ಲ, ಸಭೆಯೇ ತನ್ನ ಬೋಧಕನನ್ನು ಆರಿಸುತ್ತದೆ. ಯಾರಿಗೆ ಮೋಕ್ಷವೆಂಬುದನ್ನು ದೇವರು ಆದಿಯಲ್ಲೇ ನಿರ್ಣಯಿಸಿದ್ದಾನೆ, ಮನುಷ್ಯನ ಪುಣ್ಯಕಾರ್ಯ ಅದನ್ನು ಬದಲಿಸಲಾರದು ಎಂಬ ಕ್ಯಾಲ್ವಿನ್ ಸಿದ್ಧಾಂತವನ್ನು ನಂಬಿದ್ದ ಇವರು, 1630ರ ದಶಕದ ನಡುವಿನಿಂದ, ಸದಸ್ಯನಾಗಬಯಸುವವನು ದೇವರ ಕೃಪೆ ತನ್ನಲ್ಲಿ ಹೇಗೆ ಕೆಲಸ ಮಾಡಿತೆಂಬುದನ್ನು ಸಭೆಯ ಮುಂದೆ ನಿವೇದಿಸಿ ಒಪ್ಪಿಸಬೇಕೆಂದು ಕಟ್ಟುಮಾಡಿದರು. ಹೀಗೆ ಒಬ್ಬನ ಅಂತರಂಗದ ಅನುಭವವೇ ಅವನ ಮತದ ಹಕ್ಕನ್ನು ತೀರ್ಮಾನಿಸುವಂತಾಯಿತು. ಹೆಂಗಸರಿಗೆ ಸದಸ್ಯತ್ವವಿತ್ತು, ಮತವಿರಲಿಲ್ಲ. ಇದನ್ನು ಪುರೋಹಿತರ ಆಳ್ವಿಕೆ ಎನ್ನುವುದು ಮಾತ್ರ ಸರಿಯಲ್ಲ, ಏಕೆಂದರೆ ಬೋಧಕರು ಸರ್ಕಾರದ ಅಧಿಕಾರ ಹಿಡಿಯುವಂತಿರಲಿಲ್ಲ; ಮದುವೆಯನ್ನೂ ಚರ್ಚಿನ ಸಂಸ್ಕಾರವೆನ್ನದೆ ನ್ಯಾಯಾಧಿಕಾರಿಯ ಮುಂದಿನ ಕರಾರೆಂದೇ ಎಣಿಸಲಾಗಿತ್ತು.

ಪ್ರಾರ್ಥನೆ ನಡೆಯುವ ಕಟ್ಟಡವನ್ನು ಅವರು ಚರ್ಚ್ ಎನ್ನದೆ ಸಭಾಗೃಹವೆಂದೇ ಕರೆದರು. ಅಲ್ಲಿ ಶಿಲುಬೆ, ಬಣ್ಣದ ಗಾಜು, ವಾದ್ಯ ಯಾವುದೂ ಇರಲಿಲ್ಲ, ಎದ್ದು ಕಾಣುತ್ತಿದ್ದುದು ಬೋಧಕನ ಎತ್ತರದ ಪೀಠವೊಂದೇ. ಅದೇ ಕಟ್ಟಡದಲ್ಲಿ ಊರಿನ ಪಂಚಾಯಿತಿಯೂ ಸೇರುತ್ತಿತ್ತು. ಭಾನುವಾರ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ದೀರ್ಘ ಉಪದೇಶ. ವಯಸ್ಸು, ಅಂತಸ್ತುಗಳಿಗೆ ತಕ್ಕಂತೆ ಜಾಗ ಗೊತ್ತುಮಾಡುತ್ತಿದ್ದರು, ದೇವರ ಮುಂದೆಯೂ ಮೇಲುಕೀಳು ತಪ್ಪಿರಲಿಲ್ಲ. ಬೆಂಕಿಗೂಡಿಲ್ಲದ ಆ ಕಟ್ಟಡದ ಚಳಿ ಎಷ್ಟಿತ್ತೆಂದರೆ, 1686ರ ಜನವರಿಯ ಒಂದು ಭಾನುವಾರ ಪ್ರಭುಭೋಜನದ ರೊಟ್ಟಿ ಹೆಪ್ಪುಗಟ್ಟಿದ್ದನ್ನು ಬಾಸ್ಟನ್ನಿನ ಸ್ಯಾಮ್ಯುಯೆಲ್ ಸ್ಯೂಯಲ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಕ್ರಿಸ್ಮಸ್‌ಗೂ ಬೈಬಲಿನ ಆಧಾರವಿಲ್ಲವೆಂದು 1659ರಲ್ಲಿ ಅದನ್ನು ನಿಷೇಧಿಸಿ, ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಗೊತ್ತುಮಾಡಲಾಯಿತು.

ಬೈಬಲನ್ನು ಪ್ರತಿಯೊಬ್ಬರೂ ತಾವೇ ಓದಬೇಕೆಂಬ ನಂಬಿಕೆಯಿಂದ ಅಕ್ಷರ ಹರಡಿತು. 1636ರಲ್ಲಿ ಹಾರ್ವರ್ಡ್ ಕಾಲೇಜಿಗೆ ಹಣ ಮಂಜೂರಾಯಿತು. 50 ಮನೆಗಳಿರುವ ಊರು ಓದುಬರಹ ಕಲಿಸುವವನನ್ನೂ, 100 ಮನೆಗಳಿರುವ ಊರು ಲ್ಯಾಟಿನ್ ಶಾಲೆಯನ್ನೂ ಇಡಬೇಕೆಂದು 1647ರಲ್ಲಿ ಕಾನೂನಾಯಿತು. ನೆರೆಯ ಕನೆಕ್ಟಿಕಟ್‌ನ ಪ್ಯೂರಿಟನ್ ಕಾಲೇಜಿಗೆ 1718ರಲ್ಲಿ ಒಂಬತ್ತು ಮೂಟೆ ಸರಕನ್ನೂ ಪುಸ್ತಕಗಳನ್ನೂ ಕಳಿಸಿ ತನ್ನ ಹೆಸರನ್ನು ಉಳಿಸಿಕೊಂಡ ಎಲಿಹು ಯೇಲ್ ಬಾಸ್ಟನ್ನಿನಲ್ಲಿ ಹುಟ್ಟಿ ಮದರಾಸಿನ ಗವರ್ನರನಾಗಿದ್ದವನು ಎಂಬುದು ಭಾರತದ ಓದುಗರಿಗೆ ಕುತೂಹಲದ ಸಂಗತಿ.

ತಮ್ಮ ಆರಾಧನೆಗಾಗಿ ನಾಡು ಬಿಟ್ಟುಬಂದವರು ಇತರರ ಆರಾಧನೆಗೆ ಎಡೆಕೊಡಲಿಲ್ಲ. ಧರ್ಮದ ವಿಷಯದಲ್ಲಿ ಸರ್ಕಾರ ಶಿಕ್ಷಿಸುವಂತಿಲ್ಲ, ಮೂಲನಿವಾಸಿಗಳಿಂದ ಕೊಳ್ಳದ ನೆಲವನ್ನು ದೊರೆ ಹಂಚುವಂತಿಲ್ಲ ಎಂದ ಬೋಧಕ ರೋಜರ್ ವಿಲಿಯಮ್ಸ್ ಗಡೀಪಾರಾಗಿ 1636ರಲ್ಲಿ ಪ್ರಾವಿಡೆನ್ಸ್ ಊರನ್ನು ಕಟ್ಟಿದ. ಮನೆಯಲ್ಲಿ ಹೆಂಗಸರನ್ನು ಸೇರಿಸಿ ಬೋಧಕರ ಉಪದೇಶಗಳನ್ನು ವಿಮರ್ಶಿಸುತ್ತಿದ್ದ ಆನ್ ಹಚಿನ್‌ಸನ್, 1637ರ ವಿಚಾರಣೆಯಲ್ಲಿ ಪ್ರಶ್ನೆಗಳಿಗೆಲ್ಲ ಸಮರ್ಥವಾಗಿ ಉತ್ತರಿಸುತ್ತ ಬಂದು, ಕೊನೆಗೆ ದೇವರು ತನಗೆ ನೇರವಾಗಿ ತಿಳಿಸುತ್ತಾನೆಂದು ಹೇಳಿದ್ದೇ ಆಕೆಗೆ ಮುಳುವಾಯಿತು. ಪ್ರತಿಯೊಬ್ಬರೊಳಗೂ ದೈವೀ ಬೆಳಕಿದೆಯೆನ್ನುವ ಕ್ವೇಕರ್ ಪಂಥದವರಿಗೆ ಇನ್ನೂ ಕಠಿಣ ಶಿಕ್ಷೆ: ಗಡೀಪಾರಾದರೂ ಮರಳಿ ಬಂದ ನಾಲ್ವರನ್ನು, ಮೇರಿ ಡೈಯರ್ ಎಂಬಾಕೆಯೂ ಸೇರಿ, 1659ರಿಂದ 1661ರೊಳಗೆ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಲಾಯಿತು.

ಮೂಲನಿವಾಸಿಗಳ ಪಾಲಿಗೆ ಈ ನೆಲೆಗಾರಿಕೆ ವಿನಾಶವನ್ನೇ ತಂದಿತು. 1616ರಿಂದ 1619ರವರೆಗೆ ಹರಡಿದ ಸಾಂಕ್ರಾಮಿಕದಿಂದ ಕರಾವಳಿಯ ಹಳ್ಳಿಗಳು ಮೊದಲೇ ಬರಿದಾಗಿದ್ದವು. 1637ರಲ್ಲಿ ಮಿಸ್ಟಿಕ್ ಎಂಬಲ್ಲಿ ಇಂಗ್ಲಿಷರೂ ಅವರ ಮಿತ್ರಬಣಗಳೂ ಪೀಕ್ವಾಟ್ ಬುಡಕಟ್ಟಿನ ಕೋಟೆಹಳ್ಳಿಗೆ ಬೆಂಕಿಯಿಟ್ಟು ಹೆಂಗಸರು ಮಕ್ಕಳೆನ್ನದೆ ನೂರಾರು ಜನರನ್ನು ಕೊಂದರು. ಬೋಧಕ ಜಾನ್ ಎಲಿಯಟ್ ಸ್ಥಳೀಯ ಭಾಷೆಯನ್ನು ಕಲಿತು, ಮೂಲನಿವಾಸಿ ಸಹಾಯಕರ ನೆರವಿನಿಂದ ಅನುವಾದಿಸಿ 1663ರಲ್ಲಿ ಹೊರತಂದ ಪುಸ್ತಕವೇ ಅಮೆರಿಕದಲ್ಲಿ ಅಚ್ಚಾದ ಮೊದಲ ಸಂಪೂರ್ಣ ಬೈಬಲ್. ಆದರೆ ಮೆಟಾಕಾಮ್ ಎಂಬ ನಾಯಕನ ಮುಂದಾಳತ್ವದಲ್ಲಿ 1675ರಲ್ಲಿ ಯುದ್ಧ ಹೊತ್ತಿಕೊಂಡಾಗ, ಅದೇ ಬೈಬಲನ್ನು ಓದಿ ಕ್ರೈಸ್ತರಾಗಿದ್ದ ಮೂಲನಿವಾಸಿಗಳನ್ನೂ ನಂಬದೆ ಬಾಸ್ಟನ್ ಬಂದರಿನ ಡೀರ್ ದ್ವೀಪದಲ್ಲಿ ಕೂಡಿಹಾಕಲಾಯಿತು. ಹಸಿವು ಚಳಿಗಳಿಂದ ಅಲ್ಲಿ ಅನೇಕರು ಸತ್ತರು.

ಸದಸ್ಯತ್ವದ ನಿಯಮಕ್ಕೆ ಒಳಗಿನಿಂದಲೇ ಬಿರುಕು ಬಿಟ್ಟಿತು. ಇಲ್ಲೇ ಹುಟ್ಟಿ ಬೆಳೆದವರಲ್ಲಿ ಅನೇಕರು ಅಂಥ ಆತ್ಮನಿವೇದನೆಗೆ ಮುಂದಾಗಲಿಲ್ಲ. ಹಾಗಾದರೆ ಅವರ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದೇ ಬೇಡವೇ ಎಂಬ ಪ್ರಶ್ನೆ ಎದ್ದಿತು. ಮಕ್ಕಳಿಗೆ ದೀಕ್ಷಾಸ್ನಾನ ಕೊಡಬಹುದು, ತಂದೆತಾಯಿಗಳಿಗೆ ಪ್ರಭುಭೋಜನವೂ ಸಭೆಯಲ್ಲಿ ಮತವೂ ಇಲ್ಲ ಎಂದು 1662ರಲ್ಲಿ ಬೋಧಕರ ಸಮ್ಮೇಳನ ಮಾಡಿದ ರಾಜಿಗೆ ಅರೆ ಒಡಂಬಡಿಕೆ ಎಂಬ ಹೆಸರು ಬಿತ್ತು. ಇಂಗ್ಲೆಂಡ್ 1684ರಲ್ಲಿ ಸನ್ನದನ್ನು ರದ್ದುಮಾಡಿತು. 1691ರ ಹೊಸ ಸನ್ನದಿನಲ್ಲಿ ಪ್ಲಿಮತ್ ಕೂಡ ಮ್ಯಾಸಚೂಸೆಟ್ಸ್‌ನೊಳಗೆ ಸೇರಿತು, ಮತಕ್ಕೆ ಸಭೆಯ ಸದಸ್ಯತ್ವದ ಬದಲು ಆಸ್ತಿ ಆಧಾರವಾಯಿತು. ಮರುವರ್ಷ ಸೇಲಂನಲ್ಲಿ ಮಾಟದ ಆರೋಪದ ಮೇಲೆ 19 ಮಂದಿಯನ್ನು ಗಲ್ಲಿಗೇರಿಸಿ, ಉತ್ತರ ಕೊಡಲೊಪ್ಪದ ಮುದುಕನೊಬ್ಬನನ್ನು ಕಲ್ಲು ಹೇರಿ ಸಾಯಿಸಿದ್ದು ಹಳೆಯ ವ್ಯವಸ್ಥೆಯಲ್ಲಲ್ಲ, ಈ ಹೊಸ ಸನ್ನದಿನ ಕಾಲದಲ್ಲಿ. ಅಲ್ಲಿನ ನ್ಯಾಯಾಧೀಶರಲ್ಲಿ ಒಬ್ಬನಾಗಿದ್ದ ಸ್ಯಾಮ್ಯುಯೆಲ್ ಸ್ಯೂಯಲ್, 1697ರಲ್ಲಿ ತನ್ನ ತಪ್ಪೊಪ್ಪಿಗೆಯನ್ನು ಬೋಧಕ ಓದುತ್ತಿರುವಾಗ ಸಭೆಯ ನಡುವೆ ಎದ್ದುನಿಂತ. ಸಭೆಗಳಿಗಾಗಿ ತೆರಿಗೆ ಎತ್ತುವ ಪದ್ಧತಿ ಮಾತ್ರ ಇದಾದ ಮೇಲೂ ಒಂದಲ್ಲ ಒಂದು ರೂಪದಲ್ಲಿ ಮುಂದುವರಿದು, 1833ರ ಸಂವಿಧಾನ ತಿದ್ದುಪಡಿಯೊಂದಿಗೆ ಮ್ಯಾಸಚೂಸೆಟ್ಸ್‌ನಲ್ಲಿ ಕೊನೆಗೊಂಡಿತು.