ಹೊಸ ಫೈಲ್ ಬಂತೆಂದು ಯಾರು ಹೇಳಬೇಕು?

ಫೋಲ್ಡರಿಗೆ ಹೊಸ ಫೈಲ್ ಬಿದ್ದೊಡನೆ ಈಮೇಲ್ ಕಳಿಸುವ ಏರ್ಪಾಡಿನಲ್ಲಿ ಈಮೇಲ್ ಎಂದೂ ಕಷ್ಟದ ಭಾಗವಾಗಿರಲಿಲ್ಲ. ಲಿನಕ್ಸ್ ಹುಟ್ಟುವ ಮೊದಲೇ, 1987ರಲ್ಲಿ ಪಾಲ್ ವಿಕ್ಸಿ ಬರೆದ, ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್, ತಾನು ನಡೆಸಿದ ಕೆಲಸದ ಔಟ್‌ಪುಟ್ಟನ್ನು ಅದರ ಒಡೆಯನಿಗೆ ಮೇಲ್ ಮಾಡುತ್ತಿತ್ತು. ಕಷ್ಟವಿದ್ದದ್ದು ಫೈಲ್ ಬಂದದ್ದನ್ನು ತಿಳಿಯುವುದರಲ್ಲಿ. ಕ್ರಾನ್ ನಿಮಿಷಕ್ಕೊಮ್ಮೆ ಬಾಗಿಲು ತೆರೆದು ನೋಡಬಲ್ಲದು, ಅಷ್ಟೆ. ನಡುವೆ ಬಂದು ಹೋದದ್ದು ಅದಕ್ಕೆ ಕಾಣದು. 2001ರ ಲಿನಕ್ಸ್ 2.4ರಲ್ಲಿ ಬಂದ ಡಿನೋಟಿಫೈ, ಸುದ್ದಿ ಮುಟ್ಟಿಸುವ ಹೊಣೆಯನ್ನು ಕರ್ನಲ್ಲಿಗೇ ಹೊರಿಸಿತು. ಆದರೆ ಕಾವಲಿಟ್ಟ ಪ್ರತಿ ಡೈರೆಕ್ಟರಿಯನ್ನೂ ಅದು ತೆರೆದೇ ಇಡಬೇಕಿತ್ತು, ಹಾಗಾಗಿ ಸಿಡಿಯಂಥ ಡಿಸ್ಕನ್ನು ಕಳಚುವುದಕ್ಕೂ ಆಗುತ್ತಿರಲಿಲ್ಲ. ಏನೋ ಬದಲಾಯಿತು ಎನ್ನುತ್ತಿತ್ತೇ ಹೊರತು ಯಾವ ಫೈಲ್ ಎಂದು ಹೇಳುತ್ತಿರಲಿಲ್ಲ. ಜಾನ್ ಮೆಕಚನ್, ರಾಬರ್ಟ್ ಲವ್ ರೂಪಿಸಿದ ಐನೋಟಿಫೈ 2005ರ ಆಗಸ್ಟ್‌ನಲ್ಲಿ 2.6.13ರೊಂದಿಗೆ ಬಂದು ಈ ಎರಡೂ ಕೊರತೆಗಳನ್ನು ನೀಗಿಸಿತು. ನಿಜವಾದ ತಿರುವು ಇದೇ ಎಂಬುದು ನನ್ನ ವಾದ.

ಕ್ರಾನ್ ಸಾಲದೇ ಎಂದು ಕೇಳುವವರಿದ್ದಾರೆ. ದಿನಕ್ಕೊಂದು ವರದಿ ಬರುವ ಕಡೆ ಖಂಡಿತ ಸಾಕು. ಜಾಲದ ಮೂಲಕ ಹಂಚಿಕೊಳ್ಳುವ ಎನ್ಎಫ್ಎಸ್‌ನಲ್ಲಿ ಬೇರೆ ಯಂತ್ರ ಬರೆದದ್ದು ಐನೋಟಿಫೈಗೆ ತಿಳಿಯದ ಕಾರಣ ಅಲ್ಲಂತೂ ಹಳೆಯ ದಾರಿಯೇ ಗತಿ. ಒಳ ಡೈರೆಕ್ಟರಿಗಳಿಗೂ ಐನೋಟಿಫೈ ತಾನಾಗಿ ಇಳಿಯುವುದಿಲ್ಲ. ಆದರೆ ದೊಡ್ಡ ಫೈಲ್ ಅರ್ಧ ಬರೆದಿರುವಾಗ ಪಟ್ಟಿ ಮಾತ್ರ ನೋಡುವ ಕ್ರಾನ್ ಅದನ್ನು ಪೂರ್ಣವೆಂದೇ ಎಣಿಸಿ ಸುದ್ದಿ ಕಳಿಸುತ್ತದೆ. ಬರೆಯುವವನು ಕೈ ತೆಗೆದ ಗಳಿಗೆಯನ್ನು ಐನೋಟಿಫೈ ಬೇರೆಯಾಗಿಯೇ ತಿಳಿಸುತ್ತದೆ. ಆ ಸಂಕೇತದ ಹೆಸರು ಕ್ಲೋಸ್ ರೈಟ್. ಮೇಲ್ ಹೊರಡಬೇಕಾದದ್ದು ಅದು ಬಂದ ಮೇಲೆ.