ಮನೆಗೆ ಬಂದ ಕಾಳಿದಾಸ



ದೂರದೇಶದಲ್ಲಿ ಸಂಸಾರ ಹೂಡಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದು, "ಸಾರ್, ಮಕ್ಕಳಿಗೆ 'ಕವಿರತ್ನ ಕಾಳಿದಾಸ' ತೋರಿಸಬೇಕೆಂದಿದ್ದೇನೆ. ಮನೆಯಲ್ಲಿ ಹಳೆಯ ಡಿ.ವಿ.ಡಿ. ಇದೆ. ಅದನ್ನೇ ತೋರಿಸಲೇ, ಒಳ್ಳೆಯ ಪ್ರತಿ ಬರುವವರೆಗೆ ಕಾಯಲೇ?" ಎಂದು ಕೇಳಿದ್ದಾಳೆ. ಕಾಯುವುದು ಬೇಡ, ಇಂದೇ ತೋರಿಸು ಎಂದು ಆಕೆಗೆ ಉತ್ತರ ಬರೆದಾಯಿತು. ಆದರೆ ಆ ಬಿಲ್ಲೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಅರಿತು ತೋರಿಸುವುದು ಒಳ್ಳೆಯದು. ಕನ್ನಡದ ಹಳೆಯ ಚಿತ್ರಗಳು ನಮ್ಮ ಮನೆಗಳಿಗೆ ಬಂದ ಬಗೆ, ಬರುವಾಗ ದಾರಿಯಲ್ಲಿ ಕಳೆದುಕೊಂಡದ್ದು, ಇವೆರಡೂ ಇತಿಹಾಸದ ವಿಷಯಗಳೇ ಆದ್ದರಿಂದ ಇಲ್ಲಿ ತುಸು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಕಥಾನಾಯಕನ ವಿಚಾರ. ಕಾಳಿದಾಸನ ಕಾಲವನ್ನು ಬಹುಮಂದಿ ವಿದ್ವಾಂಸರು ಗುಪ್ತರ ಕಾಲಕ್ಕೆ, ಅಂದರೆ ಕ್ರಿ.ಶ. 4-5ನೆಯ ಶತಮಾನಗಳಿಗೆ ಸೇರಿಸುತ್ತಾರೆ. ಅವನ ಹೆಸರನ್ನು ಕಾಲನಿರ್ದೇಶದೊಡನೆ ಹೇಳುವ ಅತಿ ಪ್ರಾಚೀನ ದಾಖಲೆಗಳಲ್ಲಿ ಒಂದು ನಮ್ಮ ಕರ್ನಾಟಕದಲ್ಲೇ ಇದೆ ಎಂಬುದನ್ನು ತರಗತಿಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ! ಐಹೊಳೆಯ ಮೇಗುತಿ ಜಿನಾಲಯದ ಶಾಸನ ಅದು. ಶಕವರ್ಷ 556, ಅಂದರೆ ಕ್ರಿ.ಶ. 634. ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ರವಿಕೀರ್ತಿಯು ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಯರ ಕೀರ್ತಿಗೆ ಹೋಲಿಸಿಕೊಂಡಿದ್ದಾನೆ.

ಚಲನಚಿತ್ರದ ಕಾಳಿದಾಸನಾದರೋ ಧಾರಾನಗರದ ಭೋಜರಾಜನ ಆಸ್ಥಾನದಲ್ಲಿದ್ದಾನೆ. ಪರಮಾರ ವಂಶದ ಭೋಜ ಆಳಿದ್ದು 11ನೆಯ ಶತಮಾನದಲ್ಲಿ. ಇಬ್ಬರ ನಡುವೆ ಸುಮಾರು ಆರುನೂರು ವರ್ಷಗಳ ಅಂತರ. ಈ ಅಂತರವನ್ನು ಅಳಿಸಿದವರು ಸಿನಿಮಾದವರಲ್ಲ. 16ನೆಯ ಶತಮಾನದ ಬಲ್ಲಾಳನ 'ಭೋಜಪ್ರಬಂಧ'ದಂಥ ಗ್ರಂಥಗಳೂ ಜನರ ಬಾಯಲ್ಲಿ ಬೆಳೆದ ಕತೆಗಳೂ ಅದನ್ನು ಮೊದಲೇ ಅಳಿಸಿದ್ದವು. ಆದ್ದರಿಂದ ಈ ಚಿತ್ರವನ್ನು ಇತಿಹಾಸವೆಂದು ನೋಡಬಾರದು. ದಂತಕಥೆಯ ಇತಿಹಾಸವೆಂದು ನೋಡಬೇಕು.

ಕನ್ನಡಿಗರಿಗೆ ಕಾಳಿದಾಸ ಹೊಸಬನೇನಲ್ಲ. 19ನೆಯ ಶತಮಾನದಲ್ಲಿ ಬಸವಪ್ಪ ಶಾಸ್ತ್ರಿಗಳು 'ಶಾಕುಂತಲ'ವನ್ನು ಕನ್ನಡ ರಂಗಭೂಮಿಗೆ ತಂದು 'ಅಭಿನವ ಕಾಳಿದಾಸ' ಎಂದು ಹೆಸರಾದರು. 1955ರಲ್ಲಿ ಹೊನ್ನಪ್ಪ ಭಾಗವತರು 'ಮಹಾಕವಿ ಕಾಳಿದಾಸ' ಚಿತ್ರವನ್ನು ನಿರ್ಮಿಸಿ, ತಾವೇ ಕಾಳಿದಾಸನಾಗಿ ನಟಿಸಿದರು. ಅದರ ನಿರ್ದೇಶಕರು ಕು. ರಾ. ಸೀತಾರಾಮ ಶಾಸ್ತ್ರಿಗಳು. ಬಿ. ಸರೋಜಾದೇವಿಯವರು ಬೆಳ್ಳಿತೆರೆಗೆ ಬಂದದ್ದು ಆ ಚಿತ್ರದಿಂದಲೇ. ಅದಾದ ಇಪ್ಪತ್ತೆಂಟು ವರ್ಷಗಳ ಮೇಲೆ, 1983ರಲ್ಲಿ, ರೇಣುಕಾ ಶರ್ಮ ಅವರ ನಿರ್ದೇಶನದಲ್ಲಿ 'ಕವಿರತ್ನ ಕಾಳಿದಾಸ' ಬಂದಿತು. ರಾಜಕುಮಾರ್ ಅವರ ಕಾಳಿದಾಸ, ಜಯಪ್ರದಾ ಅವರ ವಿದ್ಯಾಧರೆ, ಶ್ರೀನಿವಾಸಮೂರ್ತಿಯವರ ಭೋಜರಾಜ, ಎಂ. ರಂಗರಾವ್ ಅವರ ಸಂಗೀತ, ಚಿ. ಉದಯಶಂಕರ್ ಅವರ ಸಾಹಿತ್ಯ. ರಾಜಕುಮಾರ್ ಅವರಿಗೆ ಆಗ ಐವತ್ತನಾಲ್ಕರ ವಯಸ್ಸು. ಆ ವಯಸ್ಸಿನಲ್ಲಿ ಅವರು ಏನೂ ಅರಿಯದ ಎಳೆಯ ಕುರಿಗಾಹಿಯಾಗಿ ಕುಣಿದದ್ದನ್ನು ಕಂಡ ನಮ್ಮ ಊರಿನ ಜನಕ್ಕೆ ಅದು ಅಸಹಜವೆಂದು ತೋರಲೇ ಇಲ್ಲ.

ಇಂದು ಈ ಚಿತ್ರದ ಮಾತೆತ್ತಿದರೆ ಹೆಚ್ಚಿನವರು ನೆನೆಯುವುದು ಕಾಳಿಯ ಸನ್ನಿಧಿಯಲ್ಲಿ ಶ್ಯಾಮಲಾ ದಂಡಕ ಹಾಡುವ ಸನ್ನಿವೇಶವನ್ನು, ಇಲ್ಲವೇ ಪ್ರಣಯಗೀತೆಗಳನ್ನು. ಅವು ನೆನೆಯತಕ್ಕವೇ ಸರಿ. ಆದರೆ ಈ ಚಿತ್ರ ನಿಂತಿರುವುದು ಪ್ರೇಮಹಾಸ್ಯದ ಅಡಿಪಾಯದ ಮೇಲೆ. ವಿದ್ಯಾಗರ್ವದ ರಾಜಕುಮಾರಿ, ಸೇಡು ತೀರಿಸಿಕೊಳ್ಳಬೇಕೆಂಬ ಮಂತ್ರಿ, ಪಂಡಿತನ ವೇಷ ತೊಡಿಸಿ ಕರೆತಂದ ಕುರಿಗಾಹಿ, ಅವನ ಮೌನವನ್ನೇ ಪಾಂಡಿತ್ಯವೆಂದು ನಂಬುವ ಸಭೆ. ಅಜ್ಜಿಯರು ಹೇಳುತ್ತಿದ್ದ ಕತೆ ನಿಮಗೆ ನೆನಪಿರಬೇಕು. ಆಕೆ ಒಂದು ಬೆರಳು ತೋರಿಸಿದರೆ, ತನ್ನ ಒಂದು ಕಣ್ಣು ತಿವಿಯುತ್ತೇನೆ ಎನ್ನುತ್ತಿದ್ದಾಳೆಂದು ಬಗೆದು ಅವನು ಎರಡು ಬೆರಳು ತೋರಿಸುತ್ತಾನೆ. ಅವಳಿಗೆ ಅದರಲ್ಲಿ ಪ್ರಕೃತಿ ಪುರುಷರ ತತ್ತ್ವ ಕಾಣುತ್ತದೆ. ಅವಳು ಐದು ಬೆರಳನ್ನು ಚಾಚಿದರೆ ಅವನು ಹೊಡೆತಕ್ಕೆ ಪ್ರತಿಯಾಗಿ ಮುಷ್ಟಿ ಹಿಡಿಯುತ್ತಾನೆ. ಅವಳಿಗೆ ಅದು ಪಂಚೇಂದ್ರಿಯ ನಿಗ್ರಹ! ಈ ನಗೆಯೊಳಗೆ ಒಂದು ಕಹಿಯೂ ಇದೆ. ಮೋಸಹೋದವಳೂ ನಿರ್ದೋಷಿ, ಮೋಸದ ಕೈಗೊಂಬೆಯಾದವನೂ ನಿರ್ದೋಷಿ. ಮೊದಲರ್ಧದಲ್ಲಿ ಮನಸಾರೆ ನಗದವನಿಗೆ, ದೇವಿಯ ವರದಿಂದ ಅವನು ಕವಿಯಾಗಿ ಕೈಹಿಡಿದವಳನ್ನೇ ಮರೆತಾಗ ಆಕೆಗಾಗುವ ನೋವು ಪೂರ್ತಿ ತಿಳಿಯದು. ಶಕುಂತಲೆಯ ಕತೆಯನ್ನು ಕವಿಯ ಬಾಳಿಗೇ ತಿರುಗಿಸಿರುವ ಜಾಣ್ಮೆಯೂ ಮನಸ್ಸಿಗೆ ಇಳಿಯದು.

ಇಂಥ ಚಿತ್ರವು ಮನೆಗೆ ಬಂದಾಗ ಮೊದಲು ಸೊರಗಿದ್ದು ಅದರ ಹಾಸ್ಯ. ಇದೇ ಈ ಲೇಖನದ ಮುಖ್ಯ ಮಾತು.

ಮನೆಗೆ ಬಂದ ದಾರಿಯನ್ನು ಸ್ವಲ್ಪ ನೋಡೋಣ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಮರುವರ್ಷ ದೇಶಕ್ಕೆ ಬಣ್ಣದ ಪ್ರಸಾರ ಬಂದಿತು. ವಾರಕ್ಕೊಂದು ಕನ್ನಡ ಚಿತ್ರಕ್ಕಾಗಿ ಬೀದಿಗೆಲ್ಲ ಒಂದೇ ಟಿ.ವಿ. ಇದ್ದ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದ ಕಾಲ ಅದು. ಆ ದಶಕದಲ್ಲೇ ವಿ.ಎಚ್.ಎಸ್. ಕ್ಯಾಸೆಟ್ಟುಗಳು ಬಂದವು. ಗಣೇಶನ ಹಬ್ಬಕ್ಕೋ ಮದುವೆಯ ಹಿಂದಿನ ರಾತ್ರಿಗೋ ಟಿ.ವಿ.ಯನ್ನೂ ವಿ.ಸಿ.ಪಿ.ಯನ್ನೂ ಬಾಡಿಗೆಗೆ ತಂದು, ಬೆಳಗಾಗುವವರೆಗೆ ಮೂರು ಮೂರು ಚಿತ್ರ ನೋಡುತ್ತಿದ್ದುದನ್ನು ಯಲಹಂಕದ ಸುತ್ತಲ ಹಳ್ಳಿಗಳ ನನ್ನ ವಯಸ್ಸಿನವರು ಮರೆತಿರಲಾರರು. ಮರುದಿನ ತರಗತಿಯಲ್ಲಿ ಅರ್ಧ ಮಕ್ಕಳು ತೂಕಡಿಸುತ್ತಿದ್ದರು. ಕಾರಣ ಕೇಳುವ ಅಗತ್ಯವಿರಲಿಲ್ಲ. 1994ರಲ್ಲಿ ಉದಯ ಟಿ.ವಿ. ಬಂದ ಮೇಲೆ ಹಳೆಯ ಚಿತ್ರಗಳು ಊಟದ ಹೊತ್ತಿನ ಸಂಗಾತಿಗಳಾದವು. ತೊಂಬತ್ತರ ದಶಕದ ಕೊನೆಗೆ ವಿ.ಸಿ.ಡಿ., ಅದರ ಬೆನ್ನಿಗೆ ಡಿ.ವಿ.ಡಿ. ಬಂದವು. 2007ರ ಸುಮಾರಿಗೆ ಮೋಸರ್ ಬೇರ್ ಸಂಸ್ಥೆ ಭಾರತೀಯ ಭಾಷೆಗಳ ಚಿತ್ರಗಳನ್ನು 28 ರೂಪಾಯಿಗೆ ವಿ.ಸಿ.ಡಿ., 34 ರೂಪಾಯಿಗೆ ಡಿ.ವಿ.ಡಿ. ಎಂದು ಮಾರಲು ತೊಡಗಿದಾಗ, ಒಂದು ಚಿತ್ರವನ್ನು ಸ್ವಂತಕ್ಕೆ ಇಟ್ಟುಕೊಳ್ಳುವುದು ಬಡಮೇಷ್ಟರಿಗೂ ಸಾಧ್ಯವಾಯಿತು. ಈ ಉಪಕಾರವನ್ನು ಮರೆಯಬಾರದು. ವಿದೇಶಕ್ಕೆ ಹೊರಟ ಎಷ್ಟೋ ಮಕ್ಕಳ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಡಬ್ಬಿಯ ಪಕ್ಕದಲ್ಲಿ ರಾಜಕುಮಾರ್ ಚಿತ್ರಗಳ ಬಿಲ್ಲೆಗಳೂ ಹೋದವು.

ಈಗ ಲೆಕ್ಕ ನೋಡೋಣ. ವಿ.ಸಿ.ಡಿ. ಚಿತ್ರದ ಒಂದು ಚೌಕಟ್ಟಿನಲ್ಲಿ ಅಡ್ಡಲಾಗಿ 352, ಉದ್ದಕ್ಕೆ 288 ಬಿಂದುಗಳು. ಒಟ್ಟು ಸುಮಾರು ಒಂದು ಲಕ್ಷ. ಡಿ.ವಿ.ಡಿ.ಯಲ್ಲಿ 720 ಮತ್ತು 576. ಅಂದರೆ ನಾಲ್ಕು ಲಕ್ಷಕ್ಕೂ ಮಿಕ್ಕು. ಇಂದು ಮೂಲ ಫಿಲ್ಮನ್ನು 4ಕೆ ಪ್ರಮಾಣದಲ್ಲಿ ಸ್ಕ್ಯಾನ್ ಮಾಡಿದರೆ ಅಡ್ಡಲಾಗಿಯೇ ನಾಲ್ಕು ಸಾವಿರದಷ್ಟು ಬಿಂದುಗಳು ದೊರೆಯುತ್ತವೆ. ಹಾಡಿಗೆ ಇದರಿಂದ ಅಂಥ ಬಾಧೆಯಿಲ್ಲ. ಕಣ್ಣು ಮುಚ್ಚಿಯೂ ಅದನ್ನು ಕೇಳಬಹುದು. ಹಾಸ್ಯ ಹಾಗಲ್ಲ. ರಾಜಕುಮಾರ್ ಹುಬ್ಬು ಏರಿಸುವುದು, ಅರ್ಥವಾಗದೆ ಮಂತ್ರಿಯತ್ತ ಕಣ್ಣು ಹೊರಳಿಸುವುದು, ಹಿಂದೆ ನಿಂತವರು ನಗು ನುಂಗುವುದು, ಇವೆಲ್ಲ ಆ ಬಿಂದುಗಳಲ್ಲೇ ಅಡಗಿವೆ. ಮುಖ ಮಸುಕಾದರೆ ನಗೆಯೂ ಮಸುಕಾಗುತ್ತದೆ.

ಎರಡನೆಯದು ಕಾಲ. ಫಿಲ್ಮು ಓಡುವುದು ಕ್ಷಣಕ್ಕೆ 24 ಚೌಕಟ್ಟು. ನಮ್ಮ ದೇಶದ ಪಾಲ್ ಪದ್ಧತಿಯ ಟಿ.ವಿ. 25. ಇದನ್ನು ಸರಿದೂಗಿಸಲು ಚಿತ್ರವನ್ನು ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡಿಸುವುದು ರೂಢಿಯ ಕ್ರಮ. ಹಾಗೆ ಮಾಡಿದರೆ 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. ಬೇರೆಯಾಗಿ ತಿದ್ದದಿದ್ದರೆ ಧ್ವನಿಯ ಶ್ರುತಿಯೂ ಅರ್ಧಸ್ವರದ ಹತ್ತಿರ ಏರುತ್ತದೆ. ನಟನ ಮೌನಕ್ಕೂ ಮಾತಿಗೂ ನಡುವಿನ ಕಾಲವೇ ಹಾಸ್ಯದ ಜೀವ. ಅದೂ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಸಾಲದ್ದಕ್ಕೆ ಒಂದು ವಿ.ಸಿ.ಡಿ.ಯಲ್ಲಿ ಹಿಡಿಯುವುದು ಸುಮಾರು 74 ನಿಮಿಷ ಮಾತ್ರ. ಸಭೆಯೆಲ್ಲ ಉಸಿರು ಹಿಡಿದು ನಿಂತಿರುವಾಗ ಎದ್ದುಹೋಗಿ ಬಿಲ್ಲೆ ಬದಲಿಸಬೇಕು!

ಮೂರನೆಯದು ಚೌಕಟ್ಟು. 1977ರ 'ಸೊಸೆ ತಂದ ಸೌಭಾಗ್ಯ'ದಿಂದ ಕನ್ನಡದಲ್ಲಿ ಸಿನಿಮಾಸ್ಕೋಪ್ ಚಿತ್ರಗಳು ತಯಾರಾಗತೊಡಗಿದವು. ಅಂಥ ಅಗಲ ಪರದೆಯ ಚಿತ್ರವನ್ನು ಹಳೆಯ ಟಿ.ವಿ.ಯ ಆಕಾರಕ್ಕೆ ತುಂಬಿಸಬೇಕಾದರೆ ಎಡಬಲಗಳಲ್ಲಿ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ಕತ್ತರಿಸಬೇಕು. ಒಬ್ಬರ ಮಾತಿಗೆ ಇನ್ನೊಬ್ಬರ ಮುಖದಲ್ಲಿ ಹುಟ್ಟುವ ಉತ್ತರವೇ ಪ್ರೇಮಹಾಸ್ಯವೆಂದ ಮೇಲೆ, ಆ ಇನ್ನೊಬ್ಬರೇ ಪರದೆಯಿಂದಾಚೆ ಹೋದರೆ ಉಳಿಯುವುದೇನು?

ನನ್ನ ಬಳಿ ಇರುವ 'ಕವಿರತ್ನ ಕಾಳಿದಾಸ'ದ ಬಿಲ್ಲೆಯನ್ನು ಇಂಥ ಕಣ್ಣಿನಿಂದ ನೋಡಿದೆ. ಬಣ್ಣಗಳು ಕೆಂಪಿನತ್ತ ವಾಲಿವೆ. ಮೂಲೆಯಲ್ಲಿ ತಯಾರಕರ ಮುದ್ರೆ ಸದಾ ನಿಂತಿದೆ. ಹಾಡುಗಳಿಗೆ ನೇರವಾಗಿ ಹೋಗಲು ಪಟ್ಟಿ ಇದೆ, ದೃಶ್ಯಗಳಿಗೆ ಇಲ್ಲ. ಇಂಗ್ಲಿಷ್ ಅಡಿಬರಹವೂ ಇಲ್ಲ. ಹಾಡಿಗೆ ಪಟ್ಟಿ ಇದ್ದು ಹಾಸ್ಯಕ್ಕೆ ಇಲ್ಲದಿರುವುದೇ ಎಲ್ಲವನ್ನೂ ಹೇಳುತ್ತದೆ. ಮಾರಿದವರು ಇದನ್ನು ಹಾಡುಗಳ ಗೊಂಚಲೆಂದು ತಿಳಿದಿದ್ದರು. ಅಂಕ ಕೊಡಬೇಕೆಂದರೆ, ಚಿತ್ರವನ್ನು ಮನೆಗೆ ತಲುಪಿಸಿದ್ದಕ್ಕೆ ನೂರಕ್ಕೆ ಮೂವತ್ತೈದು ಕೊಟ್ಟು ತೇರ್ಗಡೆ ಮಾಡುತ್ತೇನೆ. ಉಳಿದ ಅಂಕಗಳಿಗೆ ಉತ್ತರವನ್ನೇ ಬರೆದಿಲ್ಲ.

ಹೋಗಲಿ, ಹಳೆಯ ಚಿತ್ರ ತಾನೇ ಎನ್ನಬಹುದು. ಹಾಗೆ ಎಂದೇ ನಾವು 1934ರ 'ಸತಿ ಸುಲೋಚನಾ'ವನ್ನು ಕಳೆದುಕೊಂಡೆವು. ಕನ್ನಡದ ಮೊದಲ ವಾಕ್ಚಿತ್ರದ ಪ್ರತಿ ಇಂದು ಎಲ್ಲಿಯೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದೇ 1964ರಲ್ಲಿ. ಅಷ್ಟರಲ್ಲಿ ಮೂವತ್ತು ವರ್ಷಗಳ ಬೆಳೆ ಬಯಲಲ್ಲೇ ನಿಂತಿತ್ತು. ಬಿಲ್ಲೆ ಇದೆಯಲ್ಲ ಎಂಬ ಧೈರ್ಯವೂ ಬಹಳ ದಿನ ನಿಲ್ಲದು. ಟೇಪಿನ ಕಾಂತಶಕ್ತಿ ಕುಂದುತ್ತದೆ, ಬಿಲ್ಲೆಯ ಲೇಪ ಕೆಡುತ್ತದೆ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಜಪಾನಿ ಕಂಪನಿಯೂ 2016ರಲ್ಲಿ ಅದನ್ನು ನಿಲ್ಲಿಸಿತು. ಕ್ಯಾಸೆಟ್ಟು ಉಳಿದರೂ ಅದನ್ನು ಆಡಿಸುವ ಯಂತ್ರ ಸಿಗದ ಕಾಲ ಇದು.

ಕಾನೂನಿನ ಲೆಕ್ಕವನ್ನೂ ಗಮನಿಸಿ. ಚಲನಚಿತ್ರದ ಹಕ್ಕು ಬಿಡುಗಡೆಯಾದ ವರ್ಷದ ಮುಂದಿನ ವರ್ಷದಿಂದ 60 ವರ್ಷ. ಆ ಪ್ರಕಾರ 1983ರ ಕಾಳಿದಾಸ 2043ರ ಕೊನೆಯವರೆಗೆ ಒಡೆಯರ ಸ್ವತ್ತು. 1955ರ ಕಾಳಿದಾಸನ ಅವಧಿ 2015ಕ್ಕೇ ಮುಗಿದು, ಅವನು ಈಗ ನಮ್ಮೆಲ್ಲರ ಸ್ವತ್ತು. ಎಲ್ಲರ ಸ್ವತ್ತೆಂದರೆ ಏನಾಗುತ್ತದೆಂಬುದನ್ನು ಊರ ಕಲ್ಯಾಣಿಗಳನ್ನು ಕಂಡವರಿಗೆ ಹೇಳಬೇಕಿಲ್ಲ.

ಆಶೆಗೂ ಕಾರಣಗಳಿವೆ. 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ತುಂಬಿಸಿಕೊಂಡು ಚಿತ್ರಮಂದಿರಗಳಿಗೆ ಮರಳಿದವು. ಕಪ್ಪುಬಿಳುಪಿಗೆ ಬಣ್ಣ ಬಳಿಯುವುದು ಜೀರ್ಣೋದ್ಧಾರವಲ್ಲವೆಂಬ ವಾದದಲ್ಲಿ ನನಗೂ ಸಹಮತವಿದೆ. ಆದರೆ ಹಳೆಯ ಚಿತ್ರಕ್ಕೆ ಜನ ಬರುತ್ತಾರೆಂಬುದನ್ನು ಅವು ತೋರಿಸಿದವು. ಸರಿಯಾದ ದಾರಿಯನ್ನು ತೋರಿಸಿದ್ದು ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'. ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮೊದಲಾದ ಸಂಸ್ಥೆಗಳು ಸೇರಿ ಅದನ್ನು ಪುನರುಜ್ಜೀವನಗೊಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿಸಿದವು. ಪ್ರಶಸ್ತಿ ಪಡೆದ ಗಂಭೀರ ಚಿತ್ರಗಳಿಗೆ ಈ ಭಾಗ್ಯ ದೊರೆಯುವುದು ಸಂತೋಷವೇ. ಹಳ್ಳಿಹಳ್ಳಿಗಳನ್ನು ನಗಿಸಿ ಅಳಿಸಿದ ಜನಪ್ರಿಯ ಚಿತ್ರಗಳಿಗೂ ಅದು ದೊರೆಯಬೇಡವೇ? ಯಶವಂತಪುರದಾಚೆ ಕಂಠೀರವ ಸ್ಟುಡಿಯೊದಲ್ಲಿರುವ ರಾಜಕುಮಾರ್ ಸಮಾಧಿಗೆ ಪ್ರತಿ ಏಪ್ರಿಲ್‌ನಲ್ಲಿ ಜನ ಹೂ ಹೊತ್ತು ಹೋಗುತ್ತಾರೆ. ಆ ಭಕ್ತಿಯ ಒಂದು ಪಾಲು ಅವರ ಚಿತ್ರಗಳ ಮೂಲ ನೆಗೆಟಿವ್‌ಗಳ ಕಡೆಗೂ ಹರಿಯಬೇಕು.

ನಮ್ಮ ಕೈಯಲ್ಲಿ ಆಗುವ ಕೆಲಸ ಚಿಕ್ಕದು, ಆದರೂ ಇದೆ. ಮನೆಯಲ್ಲಿರುವ ಬಿಲ್ಲೆಗಳನ್ನು ಬಿಸಿಲು, ತೇವ ತಾಗದಂತೆ ನಿಲ್ಲಿಸಿ ಇಡಿ. ಹಕ್ಕು ಪಡೆದವರು ಒಳ್ಳೆಯ ಪ್ರತಿ ತಂದಾಗ ಹಣ ಕೊಟ್ಟು ನೋಡಿ. ಮಕ್ಕಳ ಜೊತೆ ಕೂತು, ನೀವು ಎಲ್ಲಿ ನಕ್ಕಿದ್ದಿರಿ, ಏಕೆ ನಕ್ಕಿದ್ದಿರಿ ಎಂದು ಹೇಳಿ. ಮಸುಕಾದ ಚಿತ್ರದಲ್ಲಿ ಕಾಣದ್ದನ್ನು ಹಿರಿಯರ ಮಾತು ಕಾಣಿಸಬಲ್ಲುದು. ನಮ್ಮ ಪುಟ್ಟೇನಹಳ್ಳಿಯ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ಅದಕ್ಕೂ ಮೊದಲು ಅಲ್ಲಿ ಹಕ್ಕಿಗಳಿವೆ, ಅವು ಉಳಿಯಬೇಕು ಎಂದು ಹೇಳುತ್ತಾ ಬಂದವರು ಬೇಕಾಗಿದ್ದರು. ಹಳೆಯ ಕನ್ನಡ ಚಿತ್ರಗಳ ಬಗ್ಗೆ ಹಾಗೆ ಹೇಳುವವರು ನೀವಾಗಿ. ನಿಮ್ಮ ಊರಿನಲ್ಲಿ 'ಕವಿರತ್ನ ಕಾಳಿದಾಸ'ವನ್ನು ಎಲ್ಲಿ, ಯಾರೊಡನೆ ನೋಡಿದಿರಿ ಎಂಬುದನ್ನು ಬರೆದು ಕಳುಹಿಸಿದರೆ ಒಟ್ಟುಗೂಡಿಸಿ ಇಲ್ಲಿಯೇ ಪ್ರಕಟಿಸುತ್ತೇನೆ.