ಮೆಣಸಿನಕಾಯಿ ಗಿಡದ ಎಲೆ ಮುದುಡಿದೆಯೇ? ಔಷಧಿಗೆ ಮುನ್ನ ಎಲೆಯ ತಳಭಾಗ ನೋಡಿ

ತಾರಸಿಯ ಕುಂಡದಲ್ಲಿ ನಳನಳಿಸುತ್ತಿದ್ದ ಮೆಣಸಿನಕಾಯಿ ಗಿಡ ಹದಿನೈದೇ ದಿನಗಳಲ್ಲಿ ಮುದುಡಿಕೊಂಡರೆ ಅನೇಕರು ಮೊದಲು ನೀರು ಸುರಿಯುತ್ತಾರೆ, ನಂತರ ಗೊಬ್ಬರ ಹಾಕುತ್ತಾರೆ, ಕೊನೆಗೆ ಅಂಗಡಿಯವರು ಕೊಟ್ಟ ಕೀಟನಾಶಕ ಸಿಂಪಡಿಸುತ್ತಾರೆ. ಮೂರೂ ವ್ಯರ್ಥವಾಗುವ ಸಾಧ್ಯತೆಯೇ ಹೆಚ್ಚು. ಬೆಳೆಗಾರರು ‘ಮುಟುರು ರೋಗ’ ಎಂದು ಕರೆಯುವ ಈ ತೊಂದರೆ ವಾಸ್ತವವಾಗಿ ಒಂದೇ ರೋಗವಲ್ಲ. ಥ್ರಿಪ್ಸ್, ನುಸಿ, ವೈರಸ್ ಮೂರೂ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಒಂದರ ಮದ್ದು ಮತ್ತೊಂದಕ್ಕೆ ನಾಟುವುದಿಲ್ಲ.

ಎಲೆ ಯಾವ ದಿಕ್ಕಿಗೆ ಮಡಚಿದೆ ಎಂಬುದೇ ಮೊದಲ ಸುಳಿವು. ಅಂಚುಗಳು ಮೇಲಕ್ಕೆ ಮಡಚಿ ಎಲೆ ದೋಣಿಯಂತಾಗಿದ್ದರೆ ಥ್ರಿಪ್ಸ್ ಬಾಧೆಯನ್ನು ಶಂಕಿಸಬೇಕು. ಎಲೆಯ ತಳಭಾಗದಲ್ಲಿ ಬೆಳ್ಳಿಯಂತೆ ಹೊಳೆಯುವ ಗೀರುಗಳಿರುತ್ತವೆ. ಕುಡಿಯನ್ನು ಬಿಳಿ ಕಾಗದದ ಮೇಲೆ ತಟ್ಟಿದರೆ ಸುಮಾರು 1 ಮಿ.ಮೀ. ಉದ್ದದ ಕೀಟಗಳು ಹರಿದಾಡುವುದು ಕಾಣುತ್ತದೆ. ಹೂವಿನೊಳಗೂ ನೋಡುವುದು ಅಗತ್ಯ. 2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡಗಳಲ್ಲಿ ಪತ್ತೆಯಾದ ವಿದೇಶಿ ಮೂಲದ ‘ಥ್ರಿಪ್ಸ್ ಪಾರ್ವಿಸ್ಪಿನಸ್’ 2021ರಲ್ಲಿ ಆಂಧ್ರ, ತೆಲಂಗಾಣ ಹಾಗೂ ಕರ್ನಾಟಕದ ಮೆಣಸಿನಕಾಯಿ ಬೆಳೆಗಾರರನ್ನು ಕಂಗೆಡಿಸಿತ್ತು. ಅದು ಗುಂಪುಗೂಡುವುದು ಹೂವಿನಲ್ಲಿಯೇ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಹಾಗೂ ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿದರೆ, ಆರಂಭದ ಹಂತದಲ್ಲಿ ಬಾಧೆ ತಗ್ಗುತ್ತದೆ.

ಅಂಚುಗಳು ಕೆಳಕ್ಕೆ ಬಾಗಿ ಎಲೆ ಬೋರಲು ಹಾಕಿದ ದೋಣಿಯಂತಿದ್ದು, ತೊಟ್ಟು ಉದ್ದವಾಗಿ ಎಲೆ ಕಿರಿದಾಗಿದ್ದರೆ ಅದು ನುಸಿಯ ಕೆಲಸ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲಿಯೇ. ಕೇವಲ 0.2 ಮಿ.ಮೀ. ಗಾತ್ರದ ಈ ಜೀವಿ ಬರಿಗಣ್ಣಿಗೆ ಕಾಣದು. 20 ಪಟ್ಟು ಹಿಗ್ಗಿಸುವ ಮಸೂರ ಬೇಕು. ಎಂಟು ಕಾಲುಗಳ ನುಸಿ ಜೇಡನ ಬಳಗಕ್ಕೆ ಸೇರಿದ್ದು, ಕೀಟವೇ ಅಲ್ಲ. ಹೀಗಾಗಿ ಅನೇಕ ಕೀಟನಾಶಕಗಳು ಇದನ್ನು ಕೊಲ್ಲುವುದಿಲ್ಲ. ಇದನ್ನು ತಿಂದು ಬದುಕುವ ಉಪಕಾರಿ ಜೀವಿಗಳನ್ನು ಮಾತ್ರ ಕೊಲ್ಲುತ್ತವೆ. ಔಷಧಿ ಹೊಡೆದ ಮೇಲೆ ಮುಟುರು ಹೆಚ್ಚಾಯಿತೆಂಬ ದೂರಿಗೆ ಇದೇ ಕಾರಣವಿರಬಹುದು. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಬೆರೆಸಿ, ಬಿಸಿಲು ಇಳಿದ ನಂತರ ಎಲೆಯ ತಳಭಾಗ ನೆನೆಯುವಂತೆ ಸಿಂಪಡಿಸಬೇಕು. ಬೇವಿನೆಣ್ಣೆ ಬಳಸಿದ್ದರೆ ಎರಡು ವಾರವಾದರೂ ಗಂಧಕ ಬೇಡ, ಎಲೆ ಸುಟ್ಟುಹೋಗುತ್ತದೆ. ಜಿರಳೆ, ಸೊಳ್ಳೆಗೆಂದು ಮನೆಯಲ್ಲಿಟ್ಟ ಸ್ಪ್ರೇಯನ್ನಂತೂ ಅಡುಗೆಗೆ ಬಳಸುವ ಗಿಡದ ಹತ್ತಿರ ತರಲೇಬಾರದು.

ಮುದುಡಿದ ಹಳೆಯ ಎಲೆ ಮತ್ತೆ ನೇರವಾಗದು. ಗುಣವಾಯಿತೇ ಎಂದು ತಿಳಿಯಲು ಹೊಸ ಚಿಗುರನ್ನೇ ನೋಡಬೇಕು. ಎರಡು-ಮೂರು ವಾರಗಳ ನಂತರವೂ ಚಿಗುರು ಸುಕ್ಕುಗಟ್ಟಿಯೇ ಬರುತ್ತಿದ್ದು, ಗೆಣ್ಣುಗಳು ಒತ್ತೊತ್ತಾಗಿ ಗಿಡ ಕುಳ್ಳಾಗಿ ಪೊದೆಯಂತಾಗಿದ್ದರೆ ಬಿಳಿನೊಣ ಹರಡುವ ವೈರಸ್ ಇರುವ ಸಂಭವ ಹೆಚ್ಚು. ಇದಕ್ಕೆ ಮದ್ದಿಲ್ಲ. ಮಕ್ಕಳಂತೆ ಸಾಕಿದ ಗಿಡವನ್ನು ಕೀಳಲು ಮನಸ್ಸು ಬಾರದಿರುವುದು ಸಹಜ. ಆದರೆ ಬಿಳಿನೊಣಗಳು ಅದರ ರಸ ಹೀರಿ ಪಕ್ಕದ ಮನೆಯ ಗಿಡಗಳಿಗೂ ವೈರಸ್ ಒಯ್ಯುತ್ತವೆ. ಕಿತ್ತು ಚೀಲದಲ್ಲಿ ಕಟ್ಟಿ ಹಾಕುವುದೊಂದೇ ದಾರಿ. ಅದರಲ್ಲಿರುವ ಕಾಯಿಗಳನ್ನು ತೊಳೆದು ಬಳಸಲು ಅಡ್ಡಿಯಿಲ್ಲ, ಸಸ್ಯದ ವೈರಸ್ ಮನುಷ್ಯರಿಗೆ ತಗಲುವುದಿಲ್ಲ.

ಎಲೆ ಮುದುಡದೆ ಬರಿದೆ ಹಳದಿಯಾಗಿದ್ದರೆ ಗಾಬರಿ ಬೇಡ. ಕೆಳಗಿನ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಚಿಗುರು ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ, ಕೊಳವೆಬಾವಿಯ ಗಡಸು ನೀರು ಹಾಕುವ ಮನೆಗಳಲ್ಲಿ ಇದಕ್ಕೆ ಅವಕಾಶ ಹೆಚ್ಚು. ಮಣ್ಣು ಹಸಿಯಾಗಿದ್ದರೂ ಎಲೆ ಜೋತುಬಿದ್ದಿದ್ದರೆ ನೀರು ನಿಲ್ಲಿಸಿ, ಕುಂಡದ ತಳದ ರಂಧ್ರ ಮುಚ್ಚಿಕೊಂಡಿದೆಯೇ ಎಂದು ಪರೀಕ್ಷಿಸಬೇಕು.